ಇನ್ನೈದು ವರ್ಷ ತಡಿ ಅಂದವರಿಗೆ

ಹೋದ ಭಾನುವಾರ ಬೆಳಿಗ್ಗೆ ದೊಡ್ಡಮ್ಮ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದರು. ಬಿಳಿ ಕೋಟು ಹಾಕಿದ ಯಾರೋ ಒಬ್ಬರು, ಮೇಲೆ ಕೆಂಪಕ್ಷರದಲ್ಲಿ 'ಸಕ್ಕರೆ ಕಾಯಿಲೆಗೆ ಶಾಶ್ವತ ಪರಿಹಾರ'. ಹಿಂದೆಯೇ ಒಂದು ವಾಯ್ಸ್ ಮೆಸೇಜ್. "ಪುಟ್ಟೀ, ನೋಡೇ ಇದನ್ನ. ಏನೋ ಸೆಲ್ಲು ಹಾಕ್ತಾರಂತೆ, ಆಮೇಲೆ ಸೂಜೀನೇ ಬೇಡ್ವಂತೆ. ಹುಡುಗನ ಕಡೆಯವರಿಗೂ ಕಳಿಸಿದೀನಿ. ಇನ್ನೆರಡು ವರ್ಷದಲ್ಲಿ ಪೂರ್ತಿ ಗುಣ ಆಗತ್ತೆ ಅಂತ ಹೇಳಿದೀನಿ. ನೀನು ಮತ್ತೆ ಏನಾದ್ರೂ ಬೇರೆ ಹೇಳಕ್ಕೆ ಹೋಗ್ಬೇಡ."

ನನಗೀಗ 29. ಟೈಪ್ ಒನ್ ಡಯಾಬಿಟಿಸ್ ಬಂದಿದ್ದು ಹನ್ನೊಂದನೇ ವಯಸ್ಸಿಗೆ, ತುಮಕೂರಿನಲ್ಲಿ ಆರನೇ ಕ್ಲಾಸ್ ಓದುವಾಗ. "ಇನ್ನೈದು ವರ್ಷ ತಡಿ, ಮದ್ದು ಬರತ್ತೆ" ಅಂತ ಮೊದಲು ಹೇಳಿದ್ದು ಅವತ್ತು ಕಾಯಿಲೆ ಪತ್ತೆ ಮಾಡಿದ ಡಾಕ್ಟರು. ಎದುರಿಗೆ ಅಮ್ಮ ಅಳುತ್ತಾ ಕೂತಿದ್ದರು, ಪಾಪ ಅವರೂ ಏನಾದರೂ ಹೇಳಲೇಬೇಕಿತ್ತು. ಆಮೇಲೆ ಪೇಪರಿನವರು ಹೇಳಿದರು, ಟಿವಿಯವರು ಹೇಳಿದರು, ಆಫೀಸಿನಲ್ಲಿ ಪಕ್ಕದ ಸೀಟಿನವನು ಹೇಳಿದ. ಹದಿನೆಂಟು ವರ್ಷದಿಂದ ಆ ಐದು ವರ್ಷ ಹಾಗೇ ಉಳಿದುಕೊಂಡಿದೆ.

ದೊಡ್ಡಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಆ ವಿಡಿಯೋ ಮಾಡಿದವರ ಮೇಲೆ, ಅಂಥ ತಲೆಬರಹ ಕೊಡುವವರ ಮೇಲೆ, ಮತ್ತು ಇಂಗ್ಲಿಷ್ ಓದಲು ಬಂದರೂ ಒಳಗಿನ ನಾಲ್ಕು ಸಾಲು ಓದದೇ ಫಾರ್ವರ್ಡ್ ಒತ್ತುವ ನಮ್ಮಂಥವರ ಮೇಲೆ. ಆ ವಿಡಿಯೋದಲ್ಲಿದ್ದದ್ದು ಐಲೆಟ್ ಕೋಶಗಳ ಕಸಿ. ಅದು ಸುಳ್ಳು ಚಿಕಿತ್ಸೆ ಅಲ್ಲ. ನಿಜವಾದ ವೈದ್ಯಕೀಯ, ಕೆಲವರ ಜೀವ ಉಳಿಸುವಂಥದ್ದು. ಆದರೆ ಅದು ಇವತ್ತಿಗೆ ಕೆಲವರಿಗೆ ಮಾತ್ರ. ಎಲ್ಲರಿಗೂ ಶಾಶ್ವತ ಪರಿಹಾರ ಅಂತ ಅದನ್ನ ಸಾರಿದಾಗ ಎರಡು ಕಡೆ ಅನ್ಯಾಯ ಆಗುತ್ತದೆ. ನಿಜವಾಗಿ ಬೇಕಾದವರಿಗೆ ಅದು ಯಾಕೆ ಸಿಗುತ್ತಿಲ್ಲ ಅಂತ ಯಾರೂ ಕೇಳುವುದಿಲ್ಲ. ಉಳಿದ ನಮಗೆ ಇವತ್ತೇ ಸಿಗಬೇಕಾದ್ದು ಸಿಗುವುದಿಲ್ಲ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಿಮ್ಮ ತಾತನಿಗೋ ಮ್ಯಾನೇಜರಿಗೋ ಇರುವ ಸಕ್ಕರೆ ಕಾಯಿಲೆ ಬಹುಶಃ ಟೈಪ್ ಟೂ. ನನ್ನದು ಬೇರೆ. ನಾನು ಮೈಸೂರು ಪಾಕ್ ಜಾಸ್ತಿ ತಿಂದು ತರಿಸಿಕೊಂಡದ್ದಲ್ಲ, ವಾಕಿಂಗ್ ಹೋದರೆ, ಹಾಗಲಕಾಯಿ ರಸ ಕುಡಿದರೆ ಹೋಗುವುದೂ ಅಲ್ಲ. ಹೊಟ್ಟೆಯ ಹಿಂದೆ ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್ ಇದೆ. 1869ರಲ್ಲಿ ಬರ್ಲಿನ್ನಿನಲ್ಲಿ ಪಾಲ್ ಲಾಂಗರ್‌ಹಾನ್ಸ್ ಅನ್ನುವ ಮೆಡಿಕಲ್ ವಿದ್ಯಾರ್ಥಿ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ, ಉಳಿದ ಭಾಗಕ್ಕಿಂತ ಬೇರೆಯಾಗಿ ಕಾಣುವ ಸಣ್ಣ ಸಣ್ಣ ಗುಂಪುಗಳನ್ನು ಗುರುತಿಸಿದ. ಸಮುದ್ರದ ನಡುವೆ ದ್ವೀಪ ಇದ್ದ ಹಾಗೆ. ಅದಕ್ಕೇ ಮುಂದೆ ಐಲೆಟ್ ಅನ್ನುವ ಹೆಸರು ಬಂತು, ಪುಟ್ಟ ದ್ವೀಪ ಅಂತ ಅರ್ಥ. ಒಬ್ಬ ಮನುಷ್ಯನಲ್ಲಿ ಸುಮಾರು ಹತ್ತು ಲಕ್ಷ ಐಲೆಟ್‌ಗಳಿರುತ್ತವೆ. ಎಲ್ಲ ಸೇರಿಸಿದರೂ ಗ್ರಂಥಿಯ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು ಅಷ್ಟೇ. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಇರುವುದು ಅಲ್ಲೇ. ನನ್ನ ದೇಹದ ರೋಗನಿರೋಧಕ ವ್ಯವಸ್ಥೆ ಅವನ್ನು ಶತ್ರು ಅಂದುಕೊಂಡು ಕೊಂದು ಹಾಕಿತು. ಕಾವಲಿಗಿದ್ದ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ.

ಹಾಗಾದರೆ ಬೇರೆಯವರ ಐಲೆಟ್ ತಂದು ಹಾಕಿದರಾಯಿತಲ್ಲ? ಹೌದು, ಅದೇ ಐಲೆಟ್ ಕಸಿ. ಮಿದುಳು ನಿಷ್ಕ್ರಿಯವಾದ ದಾನಿಯ ಪ್ಯಾಂಕ್ರಿಯಾಸ್ ತೆಗೆದು, ಕಿಣ್ವ ಹಾಕಿ ಕರಗಿಸಿ, ಐಲೆಟ್‌ಗಳನ್ನು ಉಳಿದದ್ದರಿಂದ ಬೇರ್ಪಡಿಸುತ್ತಾರೆ. ಕೊನೆಗೆ ಕೈಗೆ ಸಿಗುವುದು ಕೆಲವು ಚಮಚದಷ್ಟು. ಅದನ್ನು ದ್ರವದಲ್ಲಿ ಸೇರಿಸಿ, ಡ್ರಿಪ್ ಹಾಕಿದ ಹಾಗೆ ಸಣ್ಣ ನಳಿಕೆಯ ಮೂಲಕ ಯಕೃತ್ತಿಗೆ ಹೋಗುವ ರಕ್ತನಾಳಕ್ಕೆ ಬಿಡುತ್ತಾರೆ. ಹೊಟ್ಟೆ ಕೊಯ್ಯುವ ದೊಡ್ಡ ಆಪರೇಷನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಐಲೆಟ್‌ಗಳು ಯಕೃತ್ತಿನಲ್ಲಿ ನೆಲೆಯೂರಿ, ರಕ್ತದ ಸಕ್ಕರೆ ನೋಡಿಕೊಂಡು ಇನ್ಸುಲಿನ್ ಬಿಡತೊಡಗುತ್ತವೆ. ಮೊದಲ ಸಲ ಇದನ್ನು ಓದಿದಾಗ ನನಗೆ ಕಣ್ಣಲ್ಲಿ ನೀರು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಈಗ ಲೆಕ್ಕಕ್ಕೆ ಬನ್ನಿ. ಎಕ್ಸೆಲ್ ಶೀಟಿನಲ್ಲಿ ಒಂದು ಸೊನ್ನೆ ತಪ್ಪಿದರೆ ಮೇಲ್ ಮೇಲೆ ಮೇಲ್ ಹಾಕುವ ಜನ ನಾವು. ಇಲ್ಲೂ ಸ್ವಲ್ಪ ಲೆಕ್ಕ ನೋಡೋಣ.

1990ರಿಂದ 2000ದ ಹೊತ್ತಿಗೆ ಜಗತ್ತಿನಲ್ಲಿ ದಾಖಲಾದ 267 ಐಲೆಟ್ ಕಸಿಗಳಲ್ಲಿ, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇನ್ಸುಲಿನ್ ಬೇಡವಾದದ್ದು ಶೇಕಡಾ 8.2ರಲ್ಲಿ ಮಾತ್ರ. 2000ದಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಜೇಮ್ಸ್ ಶಪೀರೋ ತಂಡ, ಸ್ಟೀರಾಯ್ಡ್ ಬಿಟ್ಟು ಬೇರೆ ಔಷಧಿಗಳ ಜೋಡಣೆಯಲ್ಲಿ ಏಳು ಜನರಿಗೆ ಕಸಿ ಮಾಡಿತು. ಏಳಕ್ಕೆ ಏಳೂ ಜನ ಇನ್ಸುಲಿನ್ ಬಿಟ್ಟರು. ದೊಡ್ಡ ಗೆಲುವು ಅದು. ತಲೆಬರಹಗಳು ಹುಟ್ಟಿದ್ದೂ ಅಲ್ಲೇ. ಆದರೆ ಒಬ್ಬೊಬ್ಬರಿಗೂ ಎರಡು ಅಥವಾ ಅದಕ್ಕಿಂತ ಹೆಚ್ಚು ದಾನಿಗಳ ಪ್ಯಾಂಕ್ರಿಯಾಸ್ ಬೇಕಾಯಿತು ಅನ್ನುವುದು ತಲೆಬರಹದಲ್ಲಿ ಇರಲಿಲ್ಲ.

ಅದೇ ವಿಧಾನವನ್ನು ಉತ್ತರ ಅಮೆರಿಕ ಮತ್ತು ಯುರೋಪಿನ ಒಂಬತ್ತು ಕೇಂದ್ರಗಳಲ್ಲಿ 36 ಜನರ ಮೇಲೆ ಪರೀಕ್ಷಿಸಿದ ಫಲಿತಾಂಶ 2006ರಲ್ಲಿ ಬಂತು. ಕೊನೆಯ ಕಸಿಯಾಗಿ ಒಂದು ವರ್ಷಕ್ಕೆ ಇನ್ಸುಲಿನ್ ಇಲ್ಲದೆ ಸಕ್ಕರೆ ಹತೋಟಿಯಲ್ಲಿದ್ದವರು 16 ಜನ. ಆ ಹದಿನಾರರಲ್ಲಿ ಎರಡನೇ ವರ್ಷಕ್ಕೆ ಉಳಿದವರು 5. ಈ ಎರಡನೇ ಸುದ್ದಿಯನ್ನು ನಮ್ಮ ಮನೆಗೆ ಯಾರೂ ಫಾರ್ವರ್ಡ್ ಮಾಡಲಿಲ್ಲ.

2023ರ ಜೂನ್‌ನಲ್ಲಿ ಅಮೆರಿಕದ ಎಫ್‌ಡಿಎ ಮೊದಲ ಬಾರಿಗೆ ದಾನಿಯ ಐಲೆಟ್ ಚಿಕಿತ್ಸೆಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ಹೆಸರು ಲ್ಯಾಂಟಿಡ್ರಾ. 30 ಜನರಲ್ಲಿ 21 ಮಂದಿ ಒಂದು ವರ್ಷ ಅಥವಾ ಹೆಚ್ಚು ಕಾಲ ಇನ್ಸುಲಿನ್ ಇಲ್ಲದೆ ಇದ್ದರು, ಅವರಲ್ಲಿ 10 ಮಂದಿ ಐದು ವರ್ಷಕ್ಕೂ ಹೆಚ್ಚು. ಐದು ಜನರಿಗೆ ಒಂದು ದಿನವೂ ಇನ್ಸುಲಿನ್ ತಪ್ಪಲಿಲ್ಲ. ಆ ಒಪ್ಪಿಗೆ ಯಾರಿಗೆ ಅಂತ ಓದಿ: ಎಷ್ಟೇ ಎಚ್ಚರ ವಹಿಸಿದರೂ ಮತ್ತೆ ಮತ್ತೆ ತೀವ್ರವಾಗಿ ಸಕ್ಕರೆ ಕುಸಿಯುವ ವಯಸ್ಕರಿಗೆ. ಟೈಪ್ ಒನ್ ಇರುವ ಎಲ್ಲರಿಗೂ ಅಂತ ಎಲ್ಲೂ ಇಲ್ಲ.

2025ರಲ್ಲಿ ಇನ್ನೂ ಒಳ್ಳೆಯ ಸುದ್ದಿ. ಸ್ಟೆಮ್ ಸೆಲ್‌ಗಳಿಂದ ಲ್ಯಾಬಿನಲ್ಲೇ ಬೆಳೆಸಿದ ಐಲೆಟ್‌ಗಳನ್ನು ವರ್ಟೆಕ್ಸ್ ಕಂಪನಿ 12 ಜನರಿಗೆ ಪೂರ್ಣ ಪ್ರಮಾಣದಲ್ಲಿ ಕೊಟ್ಟಿತ್ತು. ವರ್ಷದ ಕೊನೆಗೆ 10 ಜನರಿಗೆ ಇನ್ಸುಲಿನ್ ಬೇಕಿರಲಿಲ್ಲ. ದಾನಿಗಾಗಿ ಕಾಯುವ ಸಮಸ್ಯೆಯೇ ಇದರಲ್ಲಿಲ್ಲ. ನಾನೂ ಆ ವರದಿಯನ್ನು ಮೂರು ಸಲ ಓದಿದೆ. ಅದರಲ್ಲೇ ಇನ್ನೊಂದು ಸಾಲಿದೆ. ಒಟ್ಟು ಭಾಗವಹಿಸಿದ 14 ಜನರಲ್ಲಿ ಇಬ್ಬರು ತೀರಿಕೊಂಡರು. ಕಸಿ ಮಾಡಿದ ಕೋಶಗಳಿಂದಲ್ಲ. ಒಬ್ಬರು ಸತ್ತದ್ದು ಮಿದುಳಿನ ಪೊರೆಗೆ ತಗುಲಿದ ಫಂಗಸ್ ಸೋಂಕಿನಿಂದ. ರೋಗನಿರೋಧಕ ಶಕ್ತಿ ತಗ್ಗಿದವರನ್ನು ಹಿಡಿಯುವ ಸೋಂಕು ಅದು.

ದೊಡ್ಡಮ್ಮನ ವಿಡಿಯೋದಲ್ಲಿ ಇಲ್ಲದ್ದು ಇದೇ. ಬೇರೆಯವರ ಕೋಶ ದೇಹದೊಳಗೆ ಬಂದರೆ ಕಾವಲು ನಾಯಿ ಸುಮ್ಮನಿರಲ್ಲ. ಅದನ್ನು ಮಂಪರಿನಲ್ಲಿಡಲು ಕಸಿ ಕೆಲಸ ಮಾಡುವಷ್ಟು ಕಾಲ, ಪ್ರತಿದಿನ ಮಾತ್ರೆ ನುಂಗಬೇಕು. ಆ ಮಾತ್ರೆಗಳಿಂದ ಸೋಂಕು ಬೇಗ ತಗಲುತ್ತದೆ, ಕೆಲವು ಕ್ಯಾನ್ಸರ್‌ಗಳ ಅಪಾಯ ಹೆಚ್ಚುತ್ತದೆ, ಟ್ಯಾಕ್ರೊಲಿಮಸ್‌ನಂಥವು ಕಿಡ್ನಿಗೆ ಪೆಟ್ಟು ಕೊಡುತ್ತವೆ. ಡಯಾಬಿಟಿಸ್‌ನಿಂದ ಯಾವ ಕಿಡ್ನಿ ಹಾಳಾದೀತು ಅಂತ ಹೆದರುತ್ತೇವೋ ಅದೇ ಕಿಡ್ನಿ. ಮೈಕೋಫಿನೊಲೇಟ್ ಅನ್ನುವ ಮಾತ್ರೆಯನ್ನು ಗರ್ಭಿಣಿಯರು ತೆಗೆದುಕೊಳ್ಳುವ ಹಾಗೇ ಇಲ್ಲ, ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ. ಗುಣವಾದ ಸೊಸೆಯನ್ನು ಮನೆ ತುಂಬಿಸಿಕೊಂಡ ಮಾರನೇ ತಿಂಗಳಿಂದ "ಏನಾದ್ರೂ ವಿಶೇಷ ಉಂಟಾ" ಅಂತ ಕೇಳುವ ಅತ್ತೆಗೆ ಇದನ್ನು ಯಾರು ಹೇಳುತ್ತಾರೆ?

"ಆದ್ರೂ ಸೂಜಿ ತಪ್ಪತ್ತಲ್ಲಾ" ಅಂತ ಆಫೀಸಿನಲ್ಲಿ ಒಬ್ಬ ಕೇಳಿದ. ನನ್ನ ಕಷ್ಟ ಸೂಜಿ ಅಂತ ನಿಮಗೆ ಹೇಳಿದವರು ಯಾರು? ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳುವುದು ಹಲ್ಲುಜ್ಜುವಷ್ಟು ಅಭ್ಯಾಸವಾಗಿ ಹೋಗಿದೆ. ನನ್ನ ಭಯ ಬೇರೆ. ರಾತ್ರಿ ಎರಡು ಗಂಟೆಗೆ ಸಕ್ಕರೆ 50ಕ್ಕೆ ಇಳಿದು, ಮೈಯೆಲ್ಲ ಬೆವತು, ಪಿಜಿ ರೂಮಿನ ಕತ್ತಲಲ್ಲಿ ಗ್ಲೂಕೋಸ್ ಪುಡಿ ಹುಡುಕುವುದು. ಅವತ್ತು ಎಚ್ಚರ ಆಗದೇ ಇದ್ದರೆ ಅನ್ನುವ ಯೋಚನೆ. ನನಗಾದರೂ ಇನ್ನೂ ಬೆವರು, ನಡುಕ ಬಂದು ಎಬ್ಬಿಸುತ್ತವೆ. ನಮ್ಮ ಟೈಪ್ ಒನ್ ಬಳಗದಲ್ಲಿ ಒಬ್ಬರು ಮೇಷ್ಟ್ರಿದ್ದಾರೆ. ಮೂವತ್ತು ವರ್ಷದ ಕಾಯಿಲೆ. ಅವರ ದೇಹ ಎಚ್ಚರಿಕೆ ಕೊಡುವುದನ್ನೇ ನಿಲ್ಲಿಸಿದೆ. ಪಾಠ ಮಾಡುತ್ತಾ ಮಾಡುತ್ತಾ ಬೋರ್ಡಿನ ಮುಂದೆಯೇ ಬಿದ್ದಿದ್ದಾರೆ. ಅವರ ಹೆಂಡತಿ ಸ್ಕೂಟರಿನ ಕೀ ಬಚ್ಚಿಟ್ಟಿದ್ದಾರೆ. ರಾತ್ರಿ ಅಲಾರಾಂ ಇಟ್ಟುಕೊಂಡು ಎದ್ದು ಗಂಡ ಉಸಿರಾಡುತ್ತಿದ್ದಾರಾ ಅಂತ ನೋಡುತ್ತಾರೆ.

ಐಲೆಟ್ ಕಸಿ ಇರುವುದು ಈ ಮೇಷ್ಟ್ರಿಗೆ. ಎಡ್ಮಂಟನ್ನಿನಿಂದ ಇಲ್ಲಿಯವರೆಗೆ ಗಟ್ಟಿಯಾಗಿ ನಿಂತ ಫಲಿತಾಂಶ ಇದೊಂದೇ: ಪೂರ್ತಿ ಇನ್ಸುಲಿನ್ ಬಿಡಲು ಆಗದವರಲ್ಲೂ, ಕಸಿ ಮಾಡಿದ ಕೋಶಗಳು ಸ್ವಲ್ಪ ಕೆಲಸ ಮಾಡುತ್ತಿದ್ದರೆ ಸಾಕು, ಹೀಗೆ ದಿಢೀರನೆ ಕುಸಿದು ಬೀಳುವುದು ಬಹುಪಾಲು ತಪ್ಪುತ್ತದೆ. ಅವರಿಗೆ ಮಾತ್ರೆಗಳ ಅಪಾಯಕ್ಕಿಂತ ಇವತ್ತಿನ ರಾತ್ರಿಯ ಅಪಾಯ ದೊಡ್ಡದು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ 2008ರಿಂದ ಇಂಥವರಿಗೆ ತನ್ನ ಖರ್ಚಿನಲ್ಲೇ ಈ ಕಸಿ ಮಾಡುತ್ತಿದೆ.

ನಮ್ಮ ಮೇಷ್ಟ್ರಿಗೆ ಯಾಕಿಲ್ಲ? ಯಾಕೆಂದರೆ ಮೊದಲು ಪ್ಯಾಂಕ್ರಿಯಾಸ್ ಬೇಕು. ಸ್ಪೇನಿನಲ್ಲಿ ಹತ್ತು ಲಕ್ಷ ಜನಕ್ಕೆ ವರ್ಷಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಮರಣಾನಂತರ ಅಂಗದಾನ ಮಾಡುತ್ತಾರೆ. ಭಾರತದಲ್ಲಿ ಹತ್ತು ಲಕ್ಷಕ್ಕೆ ಒಬ್ಬರೂ ಇಲ್ಲ. 1994ರಿಂದಲೇ ಕಾನೂನಿದೆ. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳಲು ಜೀವಸಾರ್ಥಕತೆ ಅನ್ನುವ ಸಂಸ್ಥೆ ಇದೆ. ಇಲ್ಲದಿರುವುದು ನಮ್ಮ ನಿಮ್ಮ ಮನೆಯ ಮಾತುಕತೆ. ಐಸಿಯು ಹೊರಗೆ ಡಾಕ್ಟರು ಕೇಳಿದಾಗ ಹೂಂ ಅನ್ನಬೇಕಾದವರು ಮನೆಯವರು, ನೀವು ಒಂದು ದಿನವೂ ಅವರ ಹತ್ತಿರ ಆ ವಿಷಯ ಎತ್ತಿರುವುದಿಲ್ಲ. 'ಮಧುಮೇಹಕ್ಕೆ ಮದ್ದು' ಅನ್ನುವ ಸುದ್ದಿಯನ್ನು ನೂರು ಜನಕ್ಕೆ ಕಳಿಸುವ ಕೈ, ಆ ಮದ್ದು ಬರುವುದು ಸತ್ತವರ ದೇಹದಿಂದ ಅನ್ನುವುದನ್ನು ಅಪ್ಪನ ಹತ್ತಿರ ಹೇಳಲು ಹಿಂಜರಿಯುತ್ತದೆ.

ಈ ನಡುವಿನ ಖಾಲಿ ಜಾಗದಲ್ಲಿ ಅಂಗಡಿ ತೆರೆದವರಿದ್ದಾರೆ. ನಾಲ್ಕು ವರ್ಷದ ಹಿಂದೆ ಅಪ್ಪ ನನ್ನನ್ನು ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ನನ್ನದೇ ಮೂಳೆಮಜ್ಜೆಯಿಂದ ಸ್ಟೆಮ್ ಸೆಲ್ ತೆಗೆದು ನನಗೇ ಹಾಕಿ ಗುಣಪಡಿಸುತ್ತಾರಂತೆ. ಎಂಟು ಲಕ್ಷ. ಅಪ್ಪ ನಿವೃತ್ತಿಯ ದುಡ್ಡಲ್ಲಿ ತೆಗೆದುಕೊಂಡಿದ್ದ ಸೈಟಿಗೆ ಆಗಲೇ ಗಿರಾಕಿ ನೋಡಿದ್ದರು, ನನಗೆ ಹೇಳಿರಲಿಲ್ಲ. ನಾನು ಕೇಳಿದ್ದು ಎರಡೇ ಪ್ರಶ್ನೆ. ಇದು ಯಾವ ಕ್ಲಿನಿಕಲ್ ಟ್ರಯಲ್, ನೋಂದಣಿ ಸಂಖ್ಯೆ ಕೊಡಿ. ನನ್ನ ಮೊದಲಿನ ಬೀಟಾ ಕೋಶಗಳನ್ನು ಕೊಂದ ವ್ಯವಸ್ಥೆ ಹೊಸದನ್ನು ಯಾಕೆ ಬಿಡುತ್ತದೆ? ಕೌನ್ಸೆಲರ್ ನಕ್ಕು, "ಮೇಡಂ, ಪಾಸಿಟಿವ್ ಆಗಿ ಯೋಚನೆ ಮಾಡಿ. ಇನ್ಸುಲಿನ್ ನಿಧಾನಕ್ಕೆ ಕಮ್ಮಿ ಮಾಡ್ತಾ ಬನ್ನಿ" ಅಂದರು. ಟೈಪ್ ಒನ್ ಇರುವವರು ಇನ್ಸುಲಿನ್ ಬಿಟ್ಟರೆ ರಕ್ತ ಆಮ್ಲೀಯವಾಗಿ ಕೆಲವೇ ದಿನದಲ್ಲಿ ಸಾಯುತ್ತಾರೆ. ಅಷ್ಟು ಸಲೀಸಾಗಿ ಹೇಳಿದ ಮಾತು ಅದು.

ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತದ ಕೆಲವು ಕಾಯಿಲೆಗಳಂಥ ಒಪ್ಪಿತ ಬಳಕೆ ಬಿಟ್ಟರೆ, ಅನುಮತಿ ಪಡೆದ ಟ್ರಯಲ್‌ನ ಹೊರಗೆ ಸ್ಟೆಮ್ ಸೆಲ್ ಚಿಕಿತ್ಸೆ ಕೊಡುವುದು ಅನೈತಿಕ. ಭಾರತದ ಟ್ರಯಲ್‌ಗಳ ನೋಂದಣಿ ಪಟ್ಟಿಯನ್ನು ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಪ್ರಯೋಗ ಅಂತ ಹೇಳಿ ರೋಗಿಯ ಹತ್ತಿರವೇ ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ. ನಾವು ಎದ್ದು ಬಂದೆವು. ಬಸ್ಸಿನಲ್ಲಿ ತುಮಕೂರಿನವರೆಗೂ ಅಪ್ಪ ಮಾತಾಡಲಿಲ್ಲ. ಇಳಿಯುವಾಗ "ನಿನಗೋಸ್ಕರ ಅಲ್ವೇನಮ್ಮ" ಅಂದರು. ಆ ಕ್ಲಿನಿಕ್ಕಿನವರನ್ನು ನಾನು ಕ್ಷಮಿಸದೇ ಇರುವುದು ಆ ಒಂದು ಮಾತಿಗೆ.

ಈಗ ನೀವು ಕೇಳಬಹುದು, ಇರೋ ಒಂದು ಆಸೆಯನ್ನೂ ಯಾಕಮ್ಮ ಕಿತ್ಕೋತೀಯ ಅಂತ. ಆಸೆ ನನಗೂ ಇದೆ. 2025ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಜೀನ್ ತಿದ್ದಿದ ಐಲೆಟ್‌ಗಳನ್ನು ಒಬ್ಬರ ಮುಂದೋಳಿನ ಸ್ನಾಯುವಿಗೆ ಹಾಕಿದ್ದು ವರದಿಯಾಯಿತು. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಒಂದೂ ಕೊಡದೆ. ಕೋಶಗಳು ಬದುಕಿವೆ, ಇನ್ಸುಲಿನ್ ಬಿಡುತ್ತಿವೆ. ಹಾಕಿದ ಪ್ರಮಾಣ ಕಡಿಮೆ, ಆತ ಇನ್ನೂ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಆದರೂ ಬಾಗಿಲು ತೆರೆದಿರುವುದು ಅಲ್ಲಿ. ಅದು ದೊಡ್ಡದಾದ ದಿನ ಸಾಲಿನಲ್ಲಿ ಮೊದಲು ನಿಲ್ಲುವವಳು ನಾನು. ಅದರ ಹಿಂದಿನ ವರ್ಷ ಚೀನಾದ ಟಿಯಾಂಜಿನ್‌ನ 25 ವರ್ಷದ ಹುಡುಗಿಯೊಬ್ಬಳು ತನ್ನದೇ ಕೋಶಗಳಿಂದ ಮಾಡಿದ ಐಲೆಟ್ ಹಾಕಿಸಿಕೊಂಡು ಇನ್ಸುಲಿನ್ ಬಿಟ್ಟ ಸುದ್ದಿಯೂ ನಿಜ. ಆದರೆ ಮೊದಲೇ ಯಕೃತ್ತಿನ ಕಸಿಯಾಗಿ, ಆಕೆ ಅದಕ್ಕಾಗಿ ಅದೇ ಬಗೆಯ ಮಾತ್ರೆ ನುಂಗುತ್ತಿದ್ದಳು ಅನ್ನುವ ಸಾಲನ್ನು ಓದಿಕೊಂಡು ಆಸೆ ಇಟ್ಟುಕೊಳ್ಳಿ ಅಂತಷ್ಟೇ ನನ್ನ ಮಾತು.

ಆ ದಿನ ಬಂದ ಮೇಲೂ ಮದ್ದು ನಮ್ಮ ಮನೆ ಬಾಗಿಲಿಗೆ ತಾನೇ ನಡೆದು ಬರಲ್ಲ. ಇನ್ಸುಲಿನ್ ನೋಡಿ. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನುವ 14 ವರ್ಷದ ಹುಡುಗನಿಗೆ ಮೊದಲು ಚುಚ್ಚಿದರು. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ನೂರು ವರ್ಷ ಕಳೆದರೂ ನಮ್ಮ ಬಳಗದಲ್ಲಿ ತಿಂಗಳ ಕೊನೆಗೆ ಇನ್ಸುಲಿನ್ ಸ್ವಲ್ಪ ಉಳಿಸಿ ಉಳಿಸಿ ಹಾಕಿಕೊಳ್ಳುವವರಿದ್ದಾರೆ. ಸೆನ್ಸರ್, ಸ್ಟ್ರಿಪ್, ಇನ್ಸುಲಿನ್, ಪೆನ್ನಿನ ಸೂಜಿ ಎಲ್ಲ ಸೇರಿ ನನಗೆ ತಿಂಗಳಿಗೆ ಹದಿನಾಲ್ಕು ಸಾವಿರದ ಹತ್ತಿರ ಹತ್ತಿರ ಆಗುತ್ತದೆ. ಐಟಿ ಸಂಬಳ ಇದೆ, ನಡೆಯುತ್ತದೆ. ಮೇಷ್ಟ್ರಿಗೆ ಸೆನ್ಸರ್ ಹಾಕಿಸಿದ್ದು ಎರಡೇ ತಿಂಗಳು. ಸಕ್ಕರೆ ಇಳಿಯುವ ಮೊದಲೇ ಕೂಗಿ ಎಬ್ಬಿಸುವ ಸೆನ್ಸರ್ ಅದು. ಎಟುಕಲಿಲ್ಲ, ಬಿಟ್ಟರು.

ಕೇರಳ ಸರ್ಕಾರ ಮಿಠಾಯಿ ಅನ್ನುವ ಹೆಸರಿನ ಯೋಜನೆಯಲ್ಲಿ ಟೈಪ್ ಒನ್ ಇರುವ ಮಕ್ಕಳಿಗೆ ಇನ್ಸುಲಿನ್, ಸೆನ್ಸರ್, ಬೇಕಾದವರಿಗೆ ಪಂಪ್ ಕೊಡುತ್ತದೆ. ಪಕ್ಕದ ರಾಜ್ಯ, ಬೇರೆ ಗ್ರಹ ಏನಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಹಿಮೋಫೀಲಿಯಾ ಇದೆ, ಥಲಸ್ಸೀಮಿಯಾ ಇದೆ, ಟೈಪ್ ಒನ್ ಇಲ್ಲ. ಸ್ವಂತಕ್ಕೆ ಹೆಲ್ತ್ ಇನ್ಶೂರೆನ್ಸ್ ಮಾಡಿಸಲು ಹೋದಾಗ ಕಾಯಿಲೆಯ ಹೆಸರು ಕೇಳಿಯೇ ಫೋನ್ ಇಟ್ಟವರಿದ್ದಾರೆ. ಕೇಳಬೇಕಾದದ್ದು ಇದನ್ನ. 'ಪರಿಹಾರ ಬಂದೇ ಬಿಡ್ತಲ್ಲ' ಅನ್ನುವ ಸದ್ದಿನಲ್ಲಿ ಇದನ್ನು ಕೇಳುವವರೇ ಇಲ್ಲ. ನಾಳೆ ಗುಣವಾಗುವವಳಿಗೆ ಇವತ್ತು ಸ್ಟ್ರಿಪ್ ಯಾಕೆ ಅಲ್ಲವೇ?

ನಿಮ್ಮಿಂದ ನನಗೆ ಬೇಕಾದದ್ದು ದೊಡ್ಡದೇನಲ್ಲ. ಈ ವಾರ ಮನೆಯಲ್ಲಿ ಊಟಕ್ಕೆ ಕೂತಾಗ ಅಂಗದಾನದ ಮಾತೆತ್ತಿ. ಮುಂದಿನ 'ಶಾಶ್ವತ ಪರಿಹಾರ'ದ ಸುದ್ದಿ ಬಂದಾಗ ಮೂರು ವಿಷಯ ಹುಡುಕಿ: ಎಷ್ಟು ಜನರ ಮೇಲೆ, ಎಷ್ಟು ಕಾಲ, ಜೊತೆಗೆ ಯಾವ ಮಾತ್ರೆ. ಮೂರೂ ಸಿಕ್ಕರೆ ಖಂಡಿತ ಕಳಿಸಿ, ಖುಷಿಯಿಂದ ಓದುತ್ತೀನಿ. ಸಿಗದಿದ್ದರೆ ಅಲ್ಲೇ ಬಿಡಿ.

ಆ ಭಾನುವಾರ ನಾನು ಹುಡುಗನಿಗೇ ನೇರವಾಗಿ ಬರೆದೆ. "ದೊಡ್ಡಮ್ಮ ಕಳಿಸಿದ ವಿಡಿಯೋ ನಂಬಬೇಡಿ. ನನಗೆ ಎರಡು ವರ್ಷದಲ್ಲಿ ಗುಣ ಆಗಲ್ಲ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್, ರಾತ್ರಿ ಕೆಲವೊಮ್ಮೆ ಅಲಾರಾಂ ಹೊಡ್ಕೊಳ್ಳತ್ತೆ. ಉಳಿದದ್ದೆಲ್ಲ ನಿಮ್ಮ ಹಾಗೇ. ಕೇಳೋದಿದ್ರೆ ನನ್ನನ್ನೇ ಕೇಳಿ." ನೀಲಿ ಟಿಕ್ ಬಂತು. ಉತ್ತರ ಇದುವರೆಗೂ ಬಂದಿಲ್ಲ.

ದೊಡ್ಡಮ್ಮ ಎರಡು ದಿನ ಮಾತು ಬಿಟ್ಟಿದ್ದರು. ಮೂರನೇ ದಿನ ರಾತ್ರಿ ಒಂಬತ್ತಕ್ಕೆ ಫೋನ್. ಹುಡುಗನ ವಿಷಯ ಎತ್ತಲೇ ಇಲ್ಲ. "ಊಟ ಆಯ್ತೇನೇ? ಸೂಜಿ ತಗೊಂಡ್ಯಾ?" ಅಂದರು.

"ಹೂಂ ದೊಡ್ಡಮ್ಮ, ತಗೊಂಡೆ" ಅಂದೆ.